ರಂಗಸ್ವಾಮಿಯವರ ಮನೆಯ ರಕ್ತಪರೀಕ್ಷೆ

ಈ ಮೂಲಕ ಸಮಸ್ತ ನೆಂಟರಿಷ್ಟರಿಗೂ, ಡೈರಿಗೆ ಹಾಲು ಹಾಕುವವರಿಗೂ, ಹಾಲು ಹಾಕದೆ ಬರೀ ಮಾತು ಹಾಕುವವರಿಗೂ ತಿಳಿಯಪಡಿಸುವುದೇನೆಂದರೆ: ಶ್ರೀರಂಗಪಟ್ಟಣ ತಾಲ್ಲೂಕು ಪಾಲಹಳ್ಳಿಯ ರಂಗಸ್ವಾಮಿಯವರ ಅವಿಭಕ್ತ ಕುಟುಂಬಕ್ಕೆ ಸೇರಿದ ಒಂದು ಸ್ಟೀಲ್ ಲೋಟವು ಹೋದ ಮಂಗಳವಾರ ಬೆಳಗಿನ ಕಾಫಿಯ ಹೊತ್ತಿಗೆ ತನ್ನ ಒಡಹುಟ್ಟಿದ ಲೋಟಗಳಿಂದ ವಿಭಾಗವಾಗಿ, ಹಿತ್ತಲ ಬಾಗಿಲ ಪಕ್ಕದ ಕಿಟಕಿಯಲ್ಲಿ ಪ್ರತ್ಯೇಕ ಸಂಸಾರ ಹೂಡಿದೆ. ಗುರುತಿಗಾಗಿ ಅದರ ಕೊರಳಿಗೆ ಕೆಂಪು ಉಗುರುಬಣ್ಣ ಬಳಿಯಲಾಗಿದೆ. ಪಾಲಹಳ್ಳಿಯಲ್ಲಿ ಗದ್ದೆ ಪಾಲಾಗಿದ್ದುಂಟು, ಬೋರ್‌ವೆಲ್ ಪಾಲಾಗಿದ್ದುಂಟು, ಒಂದು ಮನೆಯಲ್ಲಿ ಟಿ.ವಿ. ರಿಮೋಟೂ ಪಾಲಾಗಿತ್ತು. ಲೋಟ ಪಾಲಾಗಿದ್ದು ಇದೇ ಮೊದಲು.

ಲೋಟದ ವಾರಸುದಾರಳು ಪ್ರಮೀಳಾ. ರಂಗಸ್ವಾಮಿಯವರ ಒಬ್ಬನೇ ಮಗ ತಿಮ್ಮರಾಜುವಿನ ಹೆಂಡತಿ, ನಾಲ್ಕು ವರ್ಷದ ಚಿನ್ನುವಿನ ತಾಯಿ, ಈಗ ಏಳು ತಿಂಗಳ ಬಸುರಿ.

ಚಿನ್ನು ಹೊಟ್ಟೆಯಲ್ಲಿದ್ದಾಗ ಪ್ರಮೀಳಾ ತೋರಿಸಿಕೊಂಡಿದ್ದು ಶ್ರೀರಂಗಪಟ್ಟಣದ ಡಾಕ್ಟರು ಕೃಷ್ಣಮೂರ್ತಿಯವರಿಗೆ. ಮಾವನಿಗೆ, ಮಾವನ ಅಪ್ಪನಿಗೆ, ಒಂದು ಸಲ ಅವಸರಕ್ಕೆ ಎಮ್ಮೆಗೂ ಔಷಧಿ ಕೊಟ್ಟಿದ್ದ ಮನೆ ಡಾಕ್ಟರು. ಈ ಸಲ ಅವರು ಕಣ್ಣಿನ ಪೊರೆ ತೆಗೆಸಿಕೊಂಡು ಕ್ಲಿನಿಕ್ಕಿಗೆ ಬೀಗ ಹಾಕಿದ್ದರಿಂದ ಪ್ರಮೀಳಾ ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರ್ ಭೂಮಿಕ ಇನ್ನೂ ಚಿಕ್ಕ ವಯಸ್ಸಿನವರು. ರಿಪೋರ್ಟು ನೋಡಿ ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡರು.

"ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ಅಂತ ಒಂದು ವೈರಸ್ ಇದೆ ಪ್ರಮೀಳಾ. ಹೆದರಬೇಡಿ. ಎಷ್ಟೋ ಜನಕ್ಕೆ ಲಿವರ್‌ನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ಇನ್ನೊಂದೆರಡು ಟೆಸ್ಟ್ ಮಾಡಿ, ಮಾತ್ರೆ ಬೇಕಾ ಬೇಡವಾ ನೋಡೋಣ. ಮಗು ಹುಟ್ಟಿದ ತಕ್ಷಣ ಅದಕ್ಕೆ ಎರಡು ಸೂಜಿ ಹಾಕ್ತೀವಿ. ಅಂಟದ ಹಾಗೆ ತಡೀಬಹುದು."

"ಊಟ ತಿಂಡಿ ಬೇರೆ ಮಾಡ್ಬೇಕಾ ಮೇಡಂ?"

"ಏನೂ ಬೇಡ. ತಟ್ಟೆ ಲೋಟದಿಂದ ಬರಲ್ಲ ಇದು. ರಕ್ತದಿಂದ ಬರುತ್ತೆ, ಗಂಡ ಹೆಂಡತಿ ನಡುವೆ ಬರುತ್ತೆ, ಹೆರಿಗೇಲಿ ತಾಯಿಯಿಂದ ಮಗೂಗೆ ಬರುತ್ತೆ. ಮೊದಲನೇ ಮಗು ಹುಟ್ಟಿದಾಗ ನಿಮಗೆ ಈ ಟೆಸ್ಟ್ ಮಾಡಿದ್ರಾ?"

"ಇಲ್ಲ."

"ಮಗೂಗೆ ಹುಟ್ಟಿದ ದಿನವೇ ಸೂಜಿ ಹಾಕಿದ್ರಾ?"

"ಎಲ್ಲಾ ಮಕ್ಳಿಗೂ ಆಮೇಲೆ ಹಾಕ್ತಾರಲ್ಲ, ಅವೆಲ್ಲ ಹಾಕ್ಸಿದೀವಿ. ಹುಟ್ಟಿದ ದಿನ ಏನೂ ಇಲ್ಲ."

ಭೂಮಿಕ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಮೊದಲು ಆ ಮಗೂನ ಕರ್ಕೊಂಡು ಬನ್ನಿ. ಆಮೇಲೆ ಮನೆಯವರೆಲ್ಲ ಬರಲಿ."

ಬಸ್ಸಿನಲ್ಲಿ ವಾಪಸು ಬರುವಾಗ ಪ್ರಮೀಳಾಗೆ ಮಿಕ್ಕ ಮಾತೆಲ್ಲ ಕರಗಿಹೋಗಿ ಆ ಒಂದೇ ಮಾತು ಕಿವಿಯಲ್ಲಿ ಉಳಿಯಿತು: ಮೊದಲು ಆ ಮಗೂನ.

ಆವತ್ತು ಮುದ್ದೆ, ಹುರುಳಿಕಾಳಿನ ಸಾರು. ಎಲ್ಲರಿಗೂ ಬಡಿಸಿ ಮುಗಿಸಿ, ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಬಂದಿದೆ ಎಂದು ಅವಳು ವಿಷಯ ತೆಗೆದಳು. ಅತ್ತೆ ದ್ಯಾವಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಅದ್ಯಾವ್ದಮ್ಮಿ ಅದು, ಟೈಟಿಸ್ಸು?"

"ಲಿವರಿಂದು ಅತ್ತೆ. ಕಾಮಾಲೆ ಜಾತೀದಂತೆ."

ಈ 'ಜಾತೀದಂತೆ' ಎಂಬ ಮಾತನ್ನು ಬಾಯಿಂದ ಬಿಟ್ಟಿದ್ದಕ್ಕೆ ಪ್ರಮೀಳಾ ಆಮೇಲೆ ಎಷ್ಟೋ ಸಲ ತುಟಿ ಕಚ್ಚಿಕೊಂಡಳು. ಮಾವ ರಂಗಸ್ವಾಮಿ ಮಾತ್ರ ಗೆಲುವಾಗಿದ್ದರು.

"ಬಿ ಪಾಸಿಟಿವ್ವು ಅಂದ್ರೆ ನಂದೂ ಅದೇಯ ಕಣಮ್ಮ! ಲೈಸೆನ್ಸ್ ಮೇಲೇ ಬರ್ದವ್ರೆ. ನಂಗೇನಾಗದೆ? ಗುಂಡ್ಕಲ್ ಇದ್ದಂಗಿಲ್ವಾ?"

"ಅಪ್ಪೋ, ಅದು ರಕ್ತದ ಗುಂಪು. ಇದು ಕಾಯ್ಲೆ," ಎಂದ ತಿಮ್ಮರಾಜು.

"ಕಾಯ್ಲೆ ಅಂತ ಬಾಯ್ಬುಟ್ಟು ಯಾಕ್ಲಾ ಅಂತೀಯಾ, ಪಕ್ಕದ್ಮನೆ ಚಲುವಮ್ಮನ ಕಿವಿ ಗ್ವಾಡೆಗೇ ಅಂಟ್ಕಂಡಿರ್ತದೆ," ಎಂದು ದ್ಯಾವಮ್ಮ ಎದ್ದು ಕಿಟಕಿ ಎಳೆದರು. ಬೆಳಗಾಗುವಷ್ಟರಲ್ಲಿ ಲೋಟಕ್ಕೆ ಕೆಂಪು ಕೊರಳಪಟ್ಟಿ ಬಂದಿತ್ತು.

ಕೃಷ್ಣಮೂರ್ತಿಯವರ ಕ್ಲಿನಿಕ್ಕು ಮರುವಾರ ತೆರೆಯಿತು. ಹೊಸ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಪ್ರಮೀಳಾಳ ರೆಪ್ಪೆ ಎಳೆದು ನೋಡಿದರು. ನಾಲಿಗೆ ನೋಡಿದರು. ಉಗುರು ನೋಡಿದರು. ಭೂಮಿಕ ಕೊಟ್ಟಿದ್ದ ರಿಪೋರ್ಟು ಒಂದನ್ನು ಬಿಟ್ಟು ನೋಡಬೇಕಾದ್ದೆಲ್ಲ ನೋಡಿದರು.

"ಎಲ್ಲಿದೆ ಹಳದಿ? ಕಣ್ಣು ಒಳ್ಳೆ ಹಾಲಿನ ಹಾಗಿದೆ. ಯಾವಾಗಲೋ ಕಾಮಾಲೆ ಬಂದು ಹೋಗಿದೆ, ಅದರ ನೆರಳು ರಕ್ತದಲ್ಲಿ ಉಳಿದಿದೆ ಅಷ್ಟೆ. ಲಿವರ್ ಟೆಸ್ಟ್ ಬೇಕಾದರೆ ಮಾಡಿಸು. ಅದು ನಾರ್ಮಲ್ ಬಂದರೆ ಇದನ್ನ ಮರೆತುಬಿಡು. ಎಣ್ಣೆ ಕಡಿಮೆ, ಕಾಯಿಸಿದ ನೀರು. ಲೋಟ ಬೇರೆ ಇಟ್ಟರೆ ಒಳ್ಳೇದೇ."

"ನಾನೇಳ್ನಿಲ್ವಾ!" ಎಂದರು ದ್ಯಾವಮ್ಮ.

"ಸಾರ್, ಅಲ್ಲಿ ಡಾಕ್ಟ್ರು ಚಿನ್ನೂಗೂ ಟೆಸ್ಟ್ ಮಾಡಿಸ್ಬೇಕು ಅಂದ್ರು."

ಡಾಕ್ಟರು ಚಿನ್ನುವಿನ ಕೆನ್ನೆ ಹಿಂಡಿದರು. "ಇದಕ್ಕಾ? ಬನ್ ಇದ್ದ ಹಾಗಿದೆ ಮಗು. ಸುಮ್ಮನೆ ಯಾಕಮ್ಮ ರಕ್ತ ತೆಗೆಸ್ತೀಯಾ? ಹಳದಿಯಾದರೆ ಆಗ ನೋಡೋಣ."

"ಹಳದಿಯಾಗೋವರ್ಗೂ ಕಾಯ್ಬೇಕಾ ಸಾರ್?"

ಕೃಷ್ಣಮೂರ್ತಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಆ ಕೋಣೆಯಲ್ಲಿ ಅದರರ್ಥ ಮುಂದಿನ ಪೇಶೆಂಟು ಬರಬಹುದು ಎಂದು.

ಲಿವರ್ ಟೆಸ್ಟು ನಾರ್ಮಲ್ ಬಂತು. ಡಾಕ್ಟರ ಪ್ರಕಾರ ಕಾಯಿಲೆ ಇರಲಿಲ್ಲ. ಮನೆಯ ಪ್ರಕಾರ ಇತ್ತು. ಇಲ್ಲದ ಕಾಯಿಲೆಗೆ ಇಲ್ಲದ ಕಟ್ಟುಪಾಡುಗಳೆಲ್ಲ ಹುಟ್ಟಿಕೊಂಡವು. ಮೊದಲು ಲೋಟ, ಆಮೇಲೆ ತಟ್ಟೆ, ಆಮೇಲೆ ಟವೆಲು. ಕಡೆಗೆ ಹಸುವಿನ ಕೆಚ್ಚಲು.

"ನಾಳೆಯಿಂದ ಆಲ್ ಕರ್ಯಕ್ಕೆ ನಾನೇ ಓಯ್ತೀನಿ. ನೀನು ಕೊಟ್ಗೆ ಕಡೀಕೆ ಬರ್ಬ್ಯಾಡ," ಎಂದರು ದ್ಯಾವಮ್ಮ.

"ಕೈಯಿಂದ ಬರಲ್ವಂತೆ ಅತ್ತೆ ಇದು."

"ಬರಾಕಿಲ್ಲ ಅಂತ ನಿಂಗೊತ್ತು, ನಂಗೊತ್ತು. ಡೈರೀಲಿ ಸಾಲಾಗಿ ನಿಂತವ್ರಲ್ಲ, ಅವ್ರಿಗೊತ್ತಾ? ನಿಮ್ಮಾವ ಸೆಕ್ರೆಟ್ರಿ ಆಗಿದ್ದೋರು. ಅವ್ರ ಮನೆ ಆಲೇ ವಾಪಸ್ ಬಂದ್ರೆ ಮೊಕ ಎಲ್ಲಿಕ್ಕನ?"

ಬೆಳ್ಳಿ ಎಂಬ ಆ ಹಸುವಿಗೆ ಈ ರಾಜಕೀಯ ಒಂದೂ ತಿಳಿಯಲಿಲ್ಲ. ಮೂರು ಕರುವಿನಿಂದ ಪ್ರಮೀಳಾಳ ಕೈಗೆ ಒಗ್ಗಿದ್ದ ಅದು ದ್ಯಾವಮ್ಮನ ಕೈಗೆ ಹಾಲನ್ನೇ ಇಳಿಸಲಿಲ್ಲ. ಒಮ್ಮೆ ಬಕೆಟ್ಟು ಒದ್ದಿತು, ಇನ್ನೊಮ್ಮೆ ದ್ಯಾವಮ್ಮನ ಮೊಣಕಾಲನ್ನು. ಡೈರಿಗೆ ಹೋಗುವ ಕ್ಯಾನು ಹಗುರಾಗುತ್ತ ಬಂತು.

"ಏನ್ಲಾ ಇದು, ಬೆಳ್ಳಿ ಬತ್ತೋಗದಾ?" ಎಂದು ರಂಗಸ್ವಾಮಿ ಕೇಳಿದರೆ ತಿಮ್ಮರಾಜು, "ನನ್ನೇನ್ ಕೇಳ್ತೀಯಪ್ಪೋ, ನಾನೇನ್ ಅಸವಾ?" ಎಂದು ಬೆಳಗೊಳದ ಫ್ಯಾಕ್ಟರಿಯ ಶಿಫ್ಟಿಗೆ ಬೈಕು ಹತ್ತಿದ. ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಶಿಫ್ಟು ಇರುತ್ತಿತ್ತು. ಓವರ್ ಟೈಮು ಅವನಿಗೆ ಓವರ್ ಆಗದೆ ಹಿಡಿಸಿದ ಕಾಲ ಅದೊಂದೇ.

ಒಂದು ಭಾನುವಾರ ಬಟ್ಟೆ ಒಣಹಾಕುವ ನೆಪದಲ್ಲಿ ಪ್ರಮೀಳಾ ಅವನನ್ನು ತಾರಸಿಯ ಮೇಲೆ ಹಿಡಿದಳು.

"ರೀ, ನೀವೂ ಟೆಸ್ಟ್ ಮಾಡಿಸ್ಕಳಿ. ಚಿನ್ನೂನೂ ಕರ್ಕಂಡೋಗನ. ಇವತ್ತೇ ಹೇಳಿ ಅತ್ತೇಗೆ."

"ಫ್ಯಾಕ್ಟ್ರೀಲಿ ಗೊತ್ತಾದ್ರೆ ಕ್ಯಾಂಟೀನಲ್ಲಿ ನಂಗೂ ಲ್ವಾಟ ಬ್ಯಾರೆ ಇಕ್ತಾರೆ ಅಷ್ಟೆ."

"ನಂಗಿಕ್ಕಿದಾರಲ್ಲ, ನಾನು ಕುಡೀತಿಲ್ವಾ?"

"ಅವ್ವ ಬೇಜಾರ್ ಮಾಡ್ಕತಾಳೆ ಕಣೆ."

"ನಿಮ್ಮವ್ವ ಬೇಜಾರ್ ಮಾಡ್ಕಂಡ್ರೆ ಎರಡ್ ದಿನ ಉಣ್ಣಲ್ಲ. ಚಿನ್ನೂಗೆ ಇದಿದ್ರೆ?"

ತಿಮ್ಮರಾಜು ಒದ್ದೆ ಪಂಚೆಯನ್ನು ಎರಡು ಸಲ ಹಿಂಡಿದ. ನೀರು ಒಂದೇ ಸಲಕ್ಕೆ ಹೋಗಿತ್ತು.

ಮನೆಯಲ್ಲಿ ಈಗ ಎಲ್ಲರ ತಲೆಯಲ್ಲಿದ್ದ ಪ್ರಶ್ನೆ ಚಿನ್ನುವಿನದಲ್ಲ. ತಂದವರು ಯಾರು, ಅದು ಪ್ರಶ್ನೆ. ರೋಗ ಎಂದ ಮೇಲೆ ಬಸ್ಸು ಹತ್ತಿ ಎಲ್ಲಿಂದಲೋ ಬಂದಿರಬೇಕು. ಪಾಲಹಳ್ಳಿಯ ಈ ಮನೆಗೆ ಬಸ್ಸು ಹತ್ತಿ ಬಂದವಳು ಪ್ರಮೀಳಾ ಒಬ್ಬಳೇ. ನಾಗಮಂಗಲದ ಕಡೆಯಿಂದ ಅವಳ ತಾಯಿ ಪಾರ್ವತಮ್ಮ ಒಂದು ಚೀಲ ನುಗ್ಗೆಕಾಯಿ, ಒಂದು ಡಬ್ಬಿ ಚಕ್ಕುಲಿ ಹೊತ್ತು ಮಗಳನ್ನು ನೋಡಲು ಬಂದಾಗ ಮಾತು ಬಾಗಿಲಲ್ಲೇ ಶುರುವಾಯಿತು.

"ಬನ್ನಿ ಬೀಗ್ರೆ. ನುಗ್ಗೇಕಾಯಿ ತಂದಿದೀರಾ? ಓದ್ಸಲ ಕಾಯ್ಲೆ ಕಳ್ಸಿದ್ರಿ," ಎಂದರು ದ್ಯಾವಮ್ಮ.

ಪಾರ್ವತಮ್ಮ ಚೀಲ ಇಳಿಸಲೇ ಇಲ್ಲ. "ಏನಂದ್ರಿ ಅಕ್ಕ? ನನ್ಮಗಳನ್ನ ಒಳ್ಳೆ ತೊಳ್ದಿಟ್ಟ ಮುತ್ತಿನಂಗೆ ಕಳ್ಸಿದ್ದೆ. ನಿಮ್ಮನೇಲಿ ಏನಿಕ್ಕಿದ್ರೋ ಏನ್ ಕಥೆಯೋ."

"ನಾವೇನಿಕ್ಕಿದ್ರೂ ಎಲ್ರಿಗೂ ಒಂದೇ ಮಡ್ಕೇಲಿ ಇಕ್ಕಿರದು."

"ಅದೇ ಒಂದೇ ಮಡ್ಕೆ ಅಂದ್ರಲ್ಲ, ಈ ಕೆಂಪ್ ಲ್ವಾಟ ಯಾರ್ದು ಮತ್ತೆ?"

ಗೋಡೆಯ ಆಚೆ ಚಲುವಮ್ಮನ ಮನೆಯ ಮಿಕ್ಸಿ ತಟ್ಟನೆ ನಿಂತಿತು. ರಂಗಸ್ವಾಮಿ ಒಳಗಿನಿಂದ ಎದ್ದು ಬಂದರು. ತಲೆ ನರೆಯುವ ತನಕ ಹಾಲಿನ ಡೈರಿಯ ಸೆಕ್ರೆಟರಿಯಾಗಿದ್ದವರು. ಹಾಲಿಗೆ ಬೆರೆಸಿದ ನೀರು ಪತ್ತೆಹಚ್ಚುವ ಲ್ಯಾಕ್ಟೋಮೀಟರನ್ನು ಕೈಯಲ್ಲಿ ಹಿಡಿದು ಅರ್ಧ ಊರಿನ ಮಾನವನ್ನು ಡಿಗ್ರಿಯಲ್ಲಿ ಅಳೆದವರು.

"ಗಲಾಟೆ ಬ್ಯಾಡ. ಆಲಲ್ಲಿ ನೀರು ಬಂದ್ರೆ ನಾನೇನ್ ಮಾಡ್ತಿದ್ದೆ? ಯಾರ್ ಕ್ಯಾನು ಅಂತ ಒಂದೊಂದೇ ಎತ್ತಿ ನೋಡ್ತಿದ್ದೆ. ರಕ್ತಾನೂ ಅಷ್ಟೇಯ. ಆ ಸರ್ಕಾರಿ ಡಾಕ್ಟ್ರಮ್ಮ ಎಲ್ರೂ ಬನ್ನಿ ಅಂತ ಅಂದವ್ಳಲ್ಲ? ಓಗಣ. ಒಂದೇ ದಿವ್ಸ, ಎಲ್ರೂವೆ. ನಾನು, ಇವ್ಳು, ತಿಮ್ಮ, ಮಗ, ಬೀಗ್ತಿ ನೀವೂವೆ. ಪಕ್ಕಪಕ್ಕ ಇಟ್ಟು ನೋಡಣ, ಯಾರ್ ಮನೆ ಕ್ಯಾನಲ್ಲಿ ನೀರದೆ ಅಂತ."

"ಬತ್ತೀನಿ, ಬುಡಿ. ನಂಗೇನ್ ಭಯ?" ಎಂದು ಪಾರ್ವತಮ್ಮ ಚೀಲವನ್ನು ನೆಲಕ್ಕೆ ಕುಕ್ಕಿದರು.

ತನ್ನ ತವರನ್ನು ಕಟಕಟೆಗೆ ಎಳೆಯುವ ಯೋಜನೆ ಅದು ಎಂದು ಪ್ರಮೀಳಾಗೆ ಚೆನ್ನಾಗಿ ತಿಳಿದಿತ್ತು. ಆದರೂ ಅವಳ ಕಿವಿಗೆ ಬಿದ್ದದ್ದು 'ಮಗ' ಎಂಬ ಒಂದು ಪದ. ಮಾವನ ಬಾಯಲ್ಲಿ ಮೊಮ್ಮಗಳೂ ಮಗನೇ. ಚಿನ್ನುವಿನ ರಕ್ತ ಪರೀಕ್ಷೆಯಾಗುತ್ತದೆ. ಅಷ್ಟಾದರೆ ಲೋಟಕ್ಕೆ ಕೆಂಪಲ್ಲ, ಏಳು ಬಣ್ಣ ಬಳಿದರೂ ಕುಡಿಯಲು ಅವಳು ತಯಾರಿದ್ದಳು. ಅಮ್ಮನ ನುಗ್ಗೆಕಾಯಿ ತೆಗೆದುಕೊಂಡು ಹೋಗಿ ಸಾರಿಗಿಟ್ಟಳು.

ಪರೀಕ್ಷೆ ಎಂದರೆ ತಯಾರಿ. ರಂಗಸ್ವಾಮಿಗೆ ಡೈರಿಯ ಇನ್ನೊಂದು ಬದಿಯೂ ಗೊತ್ತಿತ್ತು: ನೀರು ಬೆರೆತು ಡಿಗ್ರಿ ಇಳಿದ ಹಾಲಿಗೆ ಸ್ಯಾಂಪಲ್ ತೆಗೆಯುವ ಮೊದಲು ಚಿಟಿಕೆ ಸಕ್ಕರೆ ಸೇರಿಸಿ ತರುತ್ತಿದ್ದವರನ್ನೆಲ್ಲ ಅವರೇ ಹಿಡಿದು ದಂಡ ಹಾಕಿದ್ದರು. ಆ ವಿದ್ಯೆ ವ್ಯರ್ಥವಾಗಲಿಲ್ಲ. ಪರೀಕ್ಷೆಗೆ ಇನ್ನೇನು ಒಂದು ವಾರ ಕೂಡ ಇಲ್ಲದಿರುವಾಗ, ಭಾನುವಾರ ಬೆಳಿಗ್ಗೆ ಕೃಷ್ಣಮೂರ್ತಿಯವರು ಐಸ್ ಡಬ್ಬಿ ಹಿಡಿದು ಮನೆಗೇ ಬಂದಿಳಿದರು.

"ಕಾಮಾಲೆ ಬರದಂಗೆ ಸೂಜಿ ಅದ್ಯಂತೆ," ಎಂದು ರಂಗಸ್ವಾಮಿ ಸೊಸೆಗೆ ಪಿಸುಗುಟ್ಟಿದರು. "ಟೆಸ್ಟ್‌ಗೆ ಮುಂಚೆ ಎಲ್ರಿಗೂ ಒಂದೊಂದ್ ಆಕ್ಸ್‌ಬುಟ್ರೆ ಡಿಗ್ರಿ ಕರೆಕ್ಟಾಗಿ ಕೂತ್ಕತದೆ. ಪರೀಕ್ಸೆಗೆ ಓದ್ಕಂಡು ಓದಂಗೆ."

ಪ್ರಮೀಳಾ ಕಾಫಿ ತಂದಿಟ್ಟು ಅಲ್ಲೇ ನಿಂತಳು. "ಸಾರ್, ಟೆಸ್ಟ್ ಮೊದ್ಲು ಆಗಿ ಆಮೇಲೆ ಸೂಜಿ ಅಲ್ವಾ ಹಾಕ್ಬೇಕು?"

"ಯಾವುದು ಮೊದಲಾದರೇನಮ್ಮ? ವ್ಯಾಕ್ಸೀನಿನಿಂದ ಯಾರಿಗೂ ಕೆಟ್ಟದ್ದಾಗಲ್ಲ. ಇದ್ದವರಿಗೆ ನಷ್ಟವಿಲ್ಲ, ಇಲ್ಲದವರಿಗೆ ಲಾಭ," ಎಂದು ಡಾಕ್ಟರು ಸೂಜಿಯ ಪೊಟ್ಟಣ ಹರಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ತೊಂದರೆ.

ರಂಗಸ್ವಾಮಿ ತೋಳು ಕೊಟ್ಟರು, ತಿಮ್ಮರಾಜು ಕೊಟ್ಟ. ಚಿನ್ನು ಬೊಬ್ಬೆ ಹಾಕಿದರೂ ಹಾಕಿಸಿಕೊಂಡಿತು. ಪ್ರತಿಯೊಬ್ಬರಿಗೂ ಹೊಸ ಪೊಟ್ಟಣ ಹರಿಯುವುದನ್ನು ಬಾಗಿಲಿಗೊರಗಿ ನೋಡುತ್ತಿದ್ದ ದ್ಯಾವಮ್ಮ ಲೊಚಗುಟ್ಟಿದರು.

"ಎಷ್ಟ್ ದಂಡ ಮಾಡ್ತೀರಿ ಡಾಕ್ಟ್ರೆ! ನಾನು ಮದ್ವೆಯಾಗಿ ಬಂದ ಒಸ್ತ್ರಲ್ಲಿ ಊರ್ಗೆಲ್ಲ ಜ್ವರ ಬಂದಿತ್ತು, ಗ್ಯಾನ ಅದಾ? ಮಾರಿಗುಡಿ ಜಗ್ಲಿ ಮೇಲೆ ಕೂತ್ಕಂಡು ಒಂದೇ ಗಾಜಿನ್ ಸೂಜೀಲಿ ಇಡೀ ಬೀದಿಗೇ ಚುಚ್ಚಿದ್ರಿ. ಬಿಸ್ನೀರಲ್ಲಿ ಅಂಗೆ ಅದ್ದದು, ಇಂಗೆ ಚುಚ್ಚದು. ನನ್ ತೋಳು ಕೀವಾಗಿ ತಿಂಗ್ಳು ಮಲ್ಗಿದ್ದೆ. ಆವತ್ತಿಂದ ಸೂಜಿ ಕಂಡ್ರೆ ನನ್ ಪ್ರಾಣ ಓಯ್ತದೆ."

ಕೃಷ್ಣಮೂರ್ತಿಯವರ ಕೈ ಐಸ್ ಡಬ್ಬಿಯಲ್ಲಿ ನಿಂತಿತು. ಕಪ್ಪು ಕನ್ನಡಕದ ಹಿಂದೆ ಏನಾಯಿತೋ ಪ್ರಮೀಳಾಗೆ ಕಾಣಲಿಲ್ಲ.

"ಆಗ ಹಾಗೇ ಇತ್ತು ದ್ಯಾವಮ್ಮ. ಎಲ್ಲ ಕಡೆ ಹಾಗೇ ಇತ್ತು," ಎಂದರು.

"ನಾನೇನ್ ತಪ್ಪು ಅಂದ್ನಾ? ನಿಮ್ಮಿಂದ್ಲೇ ಬೀದಿ ಉಳ್ಕತು."

ಡಾಕ್ಟರು ಕಾಫಿ ಮುಟ್ಟಲಿಲ್ಲ. "ಬಾ, ನಿಂದೊಂದು ಹಾಕಿಬಿಡ್ತೀನಿ," ಎಂದು ಅವರು ತಿರುಗುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಕೆಂಪಿ ನರಳಿತು. ತುಂಬು ಗಬ್ಬದ ಹಸು.

"ಅಯ್ಯೋ, ಕೆಂಪಿ ಈಯ್ತದೆ!" ಎಂದು ದ್ಯಾವಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದರು. ಕೆಂಪಿ ಈದದ್ದು ಸಂಜೆಗೆ. ದ್ಯಾವಮ್ಮ ಕೊಟ್ಟಿಗೆಯಿಂದ ಈಚೆ ಬಂದದ್ದು ಡಾಕ್ಟರ ಸ್ಕೂಟರಿನ ಸದ್ದು ಊರಾಚೆ ಅಡಗಿದ ಮೇಲೆ. ಮಾರನೆಯ ದಿನ ಮನೆಯಲ್ಲಿ ಗಿಣ್ಣು. ಅತ್ತೆ ಪ್ರಮೀಳಾಳ ಪಾಲನ್ನು ಅವಳ ತಟ್ಟೆಗೆ ಮೇಲಿನಿಂದ, ಚಮಚ ತಗುಲದ ಹಾಗೆ ಬೀಳಿಸಿದರು. ಗಿಣ್ಣಿಗೆ ಬೆಲ್ಲ ಚೆನ್ನಾಗಿಯೇ ಬಿದ್ದಿತ್ತು.

ರಕ್ತ ಕೊಡುವ ದಿನ ನಾಗಮಂಗಲದಿಂದ ಪಾರ್ವತಮ್ಮನೂ ಬಂದರು. ದ್ಯಾವಮ್ಮ ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳುತ್ತ, ಬೀಗಿತ್ತಿಯ ಮುಂದೆ ಮಾನ ಹೋಗಬಾರದೆಂದು ತೋಳು ಕೊಟ್ಟರು. ರಕ್ತ ತೆಗೆಯುವಾತ, "ಇತ್ತೀಚೆಗೆ ಯಾರಾದ್ರೂ ಸೂಜಿ, ಲಸಿಕೆ ಏನಾದ್ರೂ ಹಾಕಿಸ್ಕೊಂಡಿದ್ದೀರಾ?" ಎಂದು ಕೇಳಿದ.

"ಯಾರೂ ಇಲ್ಲ," ಎಂದರು ರಂಗಸ್ವಾಮಿ, ಎಲ್ಲರ ಪರವಾಗಿ. ಪರೀಕ್ಷೆಗೆ ಕೂತವನು ಚೀಟಿ ತಂದಿದ್ದೇನೆ ಎಂದು ತಾನೇ ಹೇಳುತ್ತಾನೆಯೇ? ಪ್ರಮೀಳಾ ಆಗ ಹೊರಗೆ, ಅಳುತ್ತಿದ್ದ ಚಿನ್ನುವಿನ ತೋಳಿಗೆ ಹತ್ತಿ ಒತ್ತಿಕೊಂಡು ನಿಂತಿದ್ದಳು.

ಫಲಿತಾಂಶದ ದಿನ ರಂಗಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಭೂಮಿಕ ಅವರ ಕೋಣೆಯಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಒಂದು ತುದಿಗೆ ಬೀಗರು, ಇನ್ನೊಂದು ತುದಿಗೆ ಬೀಗಿತ್ತಿ, ನಡುವೆ ಹೊಟ್ಟೆ ಹಿಡಿದ ಪ್ರಮೀಳಾ, ಅವಳ ಮಡಿಲಲ್ಲಿ ಉಳಿದ ಜಾಗದಲ್ಲಿ ಚಿನ್ನು. ತಿಮ್ಮರಾಜು ಶಿಫ್ಟು ಬಿಟ್ಟು ಬಂದು ಬಾಗಿಲಿಗೊರಗಿದ್ದ.

"ಪಾರ್ವತಮ್ಮ ಅವರದು ಇಲ್ಲ," ಎಂದರು ಭೂಮಿಕ.

"ಕೇಳುಸ್ತಾ ಅಕ್ಕ?" ಎಂದರು ಪಾರ್ವತಮ್ಮ.

"ಇರಿ, ಇನ್ನೂ ಅದೆ," ಎಂದರು ದ್ಯಾವಮ್ಮ.

"ರಂಗಸ್ವಾಮಿಯವರದೂ ಇಲ್ಲ."

ರಂಗಸ್ವಾಮಿ ಕಾಲರ್ ಸರಿಮಾಡಿಕೊಂಡರು. ಸಕ್ಕರೆ ಕೆಲಸ ಮಾಡಿತ್ತು.

"ತಿಮ್ಮರಾಜು ಅವರದು ಇದೆ. ಮಗೂದು..." ಭೂಮಿಕ ಹಾಳೆಯನ್ನು ಹತ್ತಿರ ಹಿಡಿದರು. "ಮಗೂದೂ ಇದೆ ಅಂತ ತೋರಿಸ್ತಾ ಇದೆ. ಸ್ವಲ್ಪವೇ, ಆದರೆ ಇದೆ."

ಪ್ರಮೀಳಾಗೆ ಫ್ಯಾನಿನ ಸದ್ದು ಕೇಳುವುದು ನಿಂತುಹೋಯಿತು. ಮಡಿಲಿನ ಮಗುವನ್ನು ಇನ್ನಷ್ಟು ಒತ್ತಿಕೊಂಡಳು. ಒಳಗಿನ ಮಗು ಅದಕ್ಕೆ ಎದುರಾಗಿ ಒದೆಯಿತು.

"ನೋಡ್ದಾ! ನನ್ ಮಗಂಗೂ ಅಂಟಿಸ್ಬುಟ್ಟು ಕೂಸ್ಗೂ ಅಂಟಿಸ್ಬುಟ್ಟವ್ಳೆ!" ದ್ಯಾವಮ್ಮ ಅಳು ಶುರುಮಾಡಿದರು. ರಂಗಸ್ವಾಮಿ ಬೀಗಿತ್ತಿಯ ಕಡೆ ತಿರುಗಿ, "ಈಗೇನಂತೀರಿ? ಕ್ಯಾನು ಯಾರ್ದು?" ಎಂದರು.

"ನಂದಿಲ್ಲ ಅಂದ್ರಲ್ಲಪ್ಪ ಇವ್ರು! ನನ್ ಕ್ಯಾನಲ್ಲಿಲ್ದಿದ್ದು ನನ್ ಮಗಳಿಗೆ ಎಲ್ಲಿಂದ ಬತ್ತದೆ?"

"ದಯವಿಟ್ಟು ಜಗಳ ಬೇಡ," ಎಂದು ಎದ್ದ ಭೂಮಿಕ ಚಿನ್ನುವಿನ ಮುಂದೆ ಮೊಣಕಾಲೂರಿ ತೋಳು ಸವರಿದರು. "ಪುಟ್ಟಿ, ನೀನು ಜಾಣೆ ಅಲ್ವಾ? ಹೆದರ್ಕ..."

"ಅಲ್ಲಿ ಮುಟ್ಬೇಡಿ," ಎಂದಿತು ಚಿನ್ನು. "ಡಾಕ್ಟ್ರು ತಾತ ಚುಚ್ಚವ್ರೆ. ನೋಯ್ತದೆ."

"ಯಾವ ಡಾಕ್ಟ್ರು ತಾತ?"

"ಕಪ್ಪು ಕನ್ನಡ್ಕದ ತಾತ. ಐಸ್ ಡಬ್ಬೀಲಿ ಐಸ್‌ಕ್ರೀಮೇ ಇರ್ನಿಲ್ಲ. ನಂಗೂ ಚುಚ್ಚುದ್ರು, ಅಪ್ಪಂಗೂ ಚುಚ್ಚುದ್ರು, ತಾತಂಗೂ ಚುಚ್ಚುದ್ರು."

ಭೂಮಿಕ ನಿಧಾನವಾಗಿ ಎದ್ದರು. "ಯಾವಾಗ?"

"ಅದು ಮನೆ ವಿಚಾರ ಬುಡಿ ಡಾಕ್ಟ್ರಮ್ಮ," ಎಂದರು ರಂಗಸ್ವಾಮಿ.

"ರಕ್ತ ಕೊಡೋಕೆ ಮುಂಚೆ ಭಾನುವಾರ ಮೇಡಂ," ಎಂದಳು ಪ್ರಮೀಳಾ. "ಕಾಮಾಲೆ ಬರದೆ ಇರೋ ಸೂಜಿ ಅಂತ ಹಾಕ್ಸಿದ್ರು."

ಭೂಮಿಕ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಹಣೆ ಒತ್ತಿಕೊಂಡರು. ಆಮೇಲೆ ಬಿಡಿಸಿ ಬಿಡಿಸಿ ಹೇಳಿದರು. ಲಸಿಕೆಯಲ್ಲಿ ಇರುವುದು ಆ ವೈರಸ್ಸಿನ ಮೇಲಿನ ಸಿಪ್ಪೆಯೇ. ನಾವು ರಕ್ತದಲ್ಲಿ ಹುಡುಕುವುದೂ ಅದೇ ಸಿಪ್ಪೆಯನ್ನು. ಸೂಜಿ ಹಾಕಿಸಿಕೊಂಡ ಹೊಸದರಲ್ಲಿ ಕೆಲವರ ರಕ್ತದಲ್ಲಿ ಅದು ಓಡಾಡಿಕೊಂಡಿರುತ್ತದೆ. ಸಿಕ್ಕಿದ್ದು ಕಾಯಿಲೆಯದೋ ಸೂಜಿಯದೋ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ.

"ಅಂದ್ರೆ?" ಎಂದ ತಿಮ್ಮರಾಜು.

"ಅಂದ್ರೆ ಸೂಜಿ ಹಾಕಿಸ್ಕೊಂಡವರ ರಿಪೋರ್ಟ್ ಇಟ್ಕೊಂಡು ನಾನು ಏನೂ ತೀರ್ಮಾನ ಮಾಡೋ ಹಾಗಿಲ್ಲ. ಒಂದು ತಿಂಗಳು ಬಿಟ್ಟು ಮತ್ತೆ ಮಾಡ್ಬೇಕು."

ರಂಗಸ್ವಾಮಿಯ ಮುಖ ಮೊದಲು ಬಾಡಿ, ಆಮೇಲೆ ಅರಳಿತು. ಸ್ಯಾಂಪಲ್ ಕೆಟ್ಟರೆ ಆ ದಿನದ ಲೆಕ್ಕವೇ ರದ್ದು; ಡೈರಿಯಲ್ಲಿ ಅವರೇ ಎಷ್ಟೋ ಸಲ ಮಾಡಿದ್ದರು. "ಅಂಗಾರೆ ಎಲ್ಲಾ ಕ್ಯಾನ್ಸಲ್ಲು. ನಮ್ದೂ ಇಲ್ಲ, ನಿಮ್ದೂ ಇಲ್ಲ. ಏಳಮ್ಮಿ, ಓಗಣ," ಎಂದು ಹೆಂಡತಿಗೆ ಕೈಮಾಡಿದರು.

"ಕೂತ್ಕೊಳ್ಳಿ," ಎಂದರು ಭೂಮಿಕ. "ಸೂಜಿ ಹಾಕಿಸ್ಕೊಳ್ಳದೆ ಇರೋರು ಯಾರಾದ್ರೂ ಇದ್ದೀರಾ?"

"ನಾನು," ಎಂದು ಪಾರ್ವತಮ್ಮ ಕೈ ಎತ್ತಿದರು.

"ಅಜ್ಜೀನೂ," ಎಂದಿತು ಚಿನ್ನು. "ಅಜ್ಜಿ ಕೊಟ್ಗೆಗೆ ಓಡೋಯ್ತು."

"ಹಾಗಾದ್ರೆ ಇವತ್ತು ಲೆಕ್ಕಕ್ಕೆ ಬರೋದು ಎರಡೇ. ಪಾರ್ವತಮ್ಮ ಅವರದು ಇಲ್ಲ ಅಂತ ಹೇಳ್ದೆ." ಭೂಮಿಕ ಕೊನೆಯ ಹಾಳೆ ತಿರುವಿದರು. "ದ್ಯಾವಮ್ಮ ಅವರದು ಇದೆ. ಸ್ಪಷ್ಟವಾಗಿ ಇದೆ."

ಪಾರ್ವತಮ್ಮ ಏನೋ ಹೇಳಲು ಬಾಯಿ ತೆರೆದರು. ಬೀಗಿತ್ತಿಯ ಮುಖ ನೋಡಿ ಮುಚ್ಚಿಕೊಂಡರು.

ದ್ಯಾವಮ್ಮ ಮೊದಲು ಗಂಡನನ್ನು ನೋಡಿದರು, ಆಮೇಲೆ ಬಾಗಿಲಲ್ಲಿದ್ದ ಮಗನನ್ನು. ಹೆರಿಗೇಲಿ ತಾಯಿಯಿಂದ ಮಗೂಗೆ ಎಂದು ಪ್ರಮೀಳಾ ಮನೆಯಲ್ಲಿ ಹೇಳಿದ್ದನ್ನು ಅವರು ಎಷ್ಟು ಕೇಳಿಸಿಕೊಂಡಿದ್ದರೋ ಏನೋ. ಮಗನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ತಟ್ಟನೆ ಎದ್ದು, ರವಿಕೆಯ ತೋಳನ್ನು ಮೇಲಕ್ಕೆ ಎಳೆದು, ಡಾಕ್ಟರ ಮೇಜಿನ ಮೇಲೆ ಕೈ ಚಾಚಿದರು.

"ನಂಗೂ ಚುಚ್ಬುಡವ್ವ. ಈಗ್ಲೇ ಚುಚ್ಬುಡು. ಭಾನ್ವಾರವೇ ಚುಚ್ಚಿದ್ದು ಅಂತ ಬರ್ಕ. ಅಂಗಾರೆ ನಂದೂ ಲೆಕ್ಕಕ್ಕಿಲ್ಲ ಅಲ್ವಾ?"

"ಹಿಂದಿನ ತಾರೀಕಿಗೆ ಸೂಜಿ ಹಾಕೋಕೆ ಬರಲ್ಲ ಅಮ್ಮ," ಎಂದರು ಭೂಮಿಕ, ಮೆತ್ತಗೆ. "ಇದಕ್ಕೆ ದಾರಿ ಇದೆ. ಹೆದರಬೇಡಿ. ಇನ್ನೂ ಕೆಲವು ಟೆಸ್ಟ್ ಮಾಡಿ ನೋಡೋಣ."

"ಬರ್ಕಳವ್ವ, ಒಂದ್ ತಾರೀಕು ತಾನೆ."

ಪ್ರಮೀಳಾಗೆ ಮಾರಿಗುಡಿ ಜಗಲಿಯ ಆ ಗಾಜಿನ ಸೂಜಿ ನೆನಪಾಯಿತು. ತವರು ಗೆದ್ದಿತ್ತು, ಅಷ್ಟು ಅವಳಿಗೂ ತಿಳಿಯಿತು. ಆ ಗೆಲುವನ್ನು ಎಲ್ಲಿಡಬೇಕೆಂದು ಮಾತ್ರ ತಿಳಿಯಲಿಲ್ಲ. ಇಷ್ಟು ವಾರ ಅವಳು ಕಾದದ್ದು ಒಂದೇ ಮಾತಿಗೆ, ಹೂಂ ಅಥವಾ ಊಹೂಂ.

"ಮೇಡಂ, ಚಿನ್ನೂದು ಏನಂತ ತಿಳ್ಕಳ್ಳಿ?"

"ಇದೆ ಅಂತಲೂ ತಿಳ್ಕೋಬೇಡಿ, ಇಲ್ಲ ಅಂತಲೂ ತಿಳ್ಕೋಬೇಡಿ. ಒಂದು ತಿಂಗಳಾಗಲಿ. ಅಲ್ಲೀವರೆಗೆ ಆ ಡಾಕ್ಟ್ರು ಎರಡನೇ ಸೂಜಿ ಹಾಕ್ತೀನಿ ಅಂದ್ರೂ ಹಾಕಿಸ್ಬೇಡಿ. ಹಾಕಿಸಿದ್ರೆ ಮತ್ತೆ ಇದೇ ಗೋಳು."

"ತಿಂಗಳಿಗೆ ನಾನು ಹೆರಿಗೆ ವಾರ್ಡಲ್ಲಿರ್ತೀನಿ ಮೇಡಂ. ಇವಳನ್ನ ಯಾರು ಕರ್ಕಂಡ್ ಬರ್ತಾರೆ?"

ಭೂಮಿಕ ಬೆಂಚಿನ ಕಡೆ ನೋಡಿದರು. ರಂಗಸ್ವಾಮಿ ತಮ್ಮ ಚಪ್ಪಲಿ ನೋಡಿಕೊಂಡರು. ಬಾಗಿಲಲ್ಲಿ ತಿಮ್ಮರಾಜು ಫೋನು ತೆಗೆದು ಮುಂದಿನ ತಿಂಗಳ ಶಿಫ್ಟು ಹುಡುಕತೊಡಗಿದ. ಭೂಮಿಕ ಪೆನ್ನು ತೆಗೆದು, ಚಿನ್ನುವಿನ ಹೆಸರಿನ ಮುಂದಿದ್ದ ಫಲಿತಾಂಶದ ಮೇಲೆ ಅಡ್ಡಗೆರೆ ಎಳೆದರು.